ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಇಂಜಿನ್ ನಡುಗುತ್ತಿದೆ, ದಯವಿಟ್ಟು ನೋಡಿ

ಘಟ್ಟದ ದಾರಿ:
ಭಾನುವಾರ ಮನೆಯಲ್ಲೇ ನಾಲ್ಕೂ ಪ್ಲಗ್ ಬದಲಿಸಿದೆ. ಅಂದಿನಿಂದ ಕಾರು ನಿಂತಲ್ಲೇ ಗಡಗಡ ನಡುಗುತ್ತದೆ. ಏರು ಹತ್ತುವಾಗ ಏದುಸಿರು ಬಿಡುತ್ತದೆ, ಇಂಜಿನ್ ದೀಪ ಮಿಣುಕುತ್ತದೆ. ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ. ಹಳೆಯ ಪ್ಲಗ್‌ನಲ್ಲೇ ಚೆನ್ನಾಗಿ ಓಡುತ್ತಿತ್ತಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಪಾನಾ ಪೆಟ್ಟಿಗೆ:
ಪ್ಲಗ್ ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಕಾಯಿಲ್ ಕೆಟ್ಟಿದೆ, ನೂರಕ್ಕೆ ನೂರು. ಅಕ್ಕಪಕ್ಕದ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಕಾಯಿಲೇ.

ಹಳೆ ಕಾರ್ಬ್ಯುರೇಟರ್:
ಯಾವ ಕಾರು ಎಂದೇ ಅವರು ಹೇಳಿಲ್ಲ. ನನ್ನ ಕಾರಿನಲ್ಲಿ ಕಾಯಿಲ್ ಒಂದೇ, ಅದರ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನಿಂದ ನಾಲ್ಕು ವೈರು. ಅಂಥದ್ದಾದರೆ ವೈರಿನ ಕ್ರಮ, ಅಂದರೆ ಸಿಲಿಂಡರುಗಳು ಉರಿಯುವ ಸರದಿ ನೋಡಿ, ಸಾಮಾನ್ಯವಾಗಿ 1-3-4-2. ದೀಪ ಮಿಣುಕುವಾಗ ಓಡಿಸಲೇಬೇಡಿ. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಘಟ್ಟದ ದಾರಿ:
ಪ್ಲಗ್‌ಗೊಂದು ಕಾಯಿಲ್ ಇದೆ. ಸ್ಕ್ಯಾನರಿನಲ್ಲಿ ಪಿ0303 ಬಂತು, ಅಂದರೆ ಮೂರನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಎರಡು ಮತ್ತು ಮೂರರ ಕಾಯಿಲ್ ಅದಲುಬದಲು ಮಾಡಿದೆ. ದೋಷ ಮೂರರಲ್ಲೇ ಇದೆ. ಪ್ಲಗ್‌ನ ಮರೆಗೆ (ತಿರುಪಿನ ಸುತ್ತುಗಳಿಗೆ) ತಾಮ್ರದ ಗ್ರೀಸ್ ಹಚ್ಚಿದ್ದೆ.

ಪಾನಾ ಪೆಟ್ಟಿಗೆ:
ಹಾಗಾದರೆ ಮೂರನೆಯ ಕಾಯಿಲಿನ ಕನೆಕ್ಟರ್. ಅದರ ಲಾಕ್ ಮುರಿದಿರುತ್ತದೆ.

ಟಾರ್ಕ್ ಪ್ರೇಮಿ:
ಗ್ರೀಸ್ ಹಚ್ಚಿದ್ದೇ ತಪ್ಪು. ಲೇಪನವಿರುವ ಪ್ಲಗ್‌ಗೆ ಬೇಡವೆಂದು ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯೇ ಹೇಳುತ್ತದೆ. ಮರೆ ಜಾರುವುದರಿಂದ ಪ್ಲಗ್ ಮಿತಿಮೀರಿ ಬಿಗಿಯಾಗುತ್ತದೆ.

ಹಳೆ ಕಾರ್ಬ್ಯುರೇಟರ್:
ಮೂವತ್ತು ವರ್ಷಗಳಿಂದ ಹಚ್ಚುತ್ತಿದ್ದೇನೆ, ಒಂದು ಮರೆಯೂ ಕೆಟ್ಟಿಲ್ಲ. ತಣ್ಣಗಿನ ಇಂಜಿನ್, ತಳ ಮುಟ್ಟುವವರೆಗೆ ಬರಿಗೈ, ಹೊಸ ವಾಷರಿದ್ದರೆ ಮೇಲೆ ಅರ್ಧ ಸುತ್ತು. ಅಷ್ಟು ಸಾಕು.

ಟಾರ್ಕ್ ಪ್ರೇಮಿ:
ಕೈ ಅಂದಾಜನ್ನು ನಾನು ನಂಬುವುದಿಲ್ಲ. ಎಷ್ಟು ಬಿಗಿಯಾಯಿತೆಂದು ಅಳೆಯುವ ನನ್ನ ಟಾರ್ಕ್ ಪಾನಾ 5ರಿಂದ 60 ನ್ಯೂಟನ್ ಮೀಟರಿನದು. ಜೊತೆಗೆ ಅಯಸ್ಕಾಂತವಿರುವ 16 ಎಂಎಂ ಸಾಕೆಟ್. ಪ್ಲಗ್ ಕೈಜಾರುವ ಮಾತೇ ಇಲ್ಲ.

ಘಟ್ಟದ ದಾರಿ:
ಕೈಜಾರುವುದು ಎಂದಾಗ ನೆನಪಾಯಿತು. ಒಂದು ಪ್ಲಗ್ ಸಿಮೆಂಟ್ ನೆಲಕ್ಕೆ ಬಿದ್ದಿತ್ತು. ಒರೆಸಿ ಹಾಕಿದ್ದೆ.

ಹಳೆ ಕಾರ್ಬ್ಯುರೇಟರ್:
ಇದನ್ನು ಮೊದಲೇ ಹೇಳಬಾರದಿತ್ತೇ! ಮೂರನೆಯದನ್ನು ತೆಗೆದು ಪಿಂಗಾಣಿಯನ್ನು ಬಿಸಿಲಿಗೆ ಹಿಡಿದು ಬಿರುಕಿದೆಯೇ ನೋಡಿ.

ಘಟ್ಟದ ದಾರಿ:
ತೆಗೆದೆ. ಬಿಳಿ ಪಿಂಗಾಣಿಯ ಮೇಲೆ, ತುದಿಯಿಂದ ಕಬ್ಬಿಣದ ನಟ್‌ವರೆಗೆ ಪೆನ್ಸಿಲ್ ಎಳೆದಂಥ ಕಪ್ಪು ಗೆರೆ. ಸವರಿದರೆ ಉಗುರು ಸಿಕ್ಕಿಕೊಳ್ಳುತ್ತದೆ. ಹಳೆಯ ಪ್ಲಗ್ ಹಾಕಿದೆ, ನಡುಕ ನಿಂತಿತು.

ಪಾನಾ ಪೆಟ್ಟಿಗೆ:
ಆದರೂ ಪ್ಲಗ್ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟಿನ (ತೊಡುಗೆಯ) ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿಯೂ ಕಪ್ಪು ಗೆರೆ ಇದ್ದರೆ, ಹೊಸ ಪ್ಲಗ್ ಹಾಕಿದರೂ ಕಿಡಿ ಅದೇ ದಾರಿ ಹಿಡಿದು ಸೋರುತ್ತದೆ.

ಘಟ್ಟದ ದಾರಿ:
ರಾತ್ರಿ ನೋಡುತ್ತೇನೆ. ಇಲ್ಲಿನ ಅಂಗಡಿಯಲ್ಲಿ ನಾಲ್ಕರ ಸೆಟ್ ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ಬಿಡಿ ಪ್ಲಗ್ ಎಲ್ಲಿ ಸಿಗುತ್ತದೆ?

ಟಾರ್ಕ್ ಪ್ರೇಮಿ:
ಮೊದಲು ಆ ಗ್ರೀಸ್ ಒರೆಸಿ.