ನೇತ್ರಾಣಿ ಡೈವ್: ಚಿಕ್ಕ ಕ್ಯಾಮೆರಾ ಕಳೆದುಹೋಗದಂತೆ ಕಟ್ಟೋದು ಹೇಗೆ?

ಸಾಗರದ_ಕಯಾಕ್:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಗೆಳೆಯರೆಲ್ಲ ಸೇರಿ ಸಾಗರದಿಂದ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವ್ ಮಾಡುವವರಿದ್ದೇವೆ. ಎಲ್ಲರದೂ ಕೋರ್ಸ್ ಆಗಿದೆ. ನನ್ನ ಹತ್ತಿರ ಗೋಪ್ರೊ ಹೀರೊ 12 ಇದೆ, ಜೊತೆಗೆ 60 ಮೀಟರ್ ತಡೆಯುವ ಕೇಸ್. ಕಳೆದ ಸಲ ನಮ್ಮ ಗೆಳೆಯನ ಕ್ಯಾಮೆರಾ ಅಲ್ಲೇ ಹೋಯಿತು. ಮಣಿಕಟ್ಟಿಗೆ ಪಟ್ಟಿ ಇತ್ತು, ಪಟ್ಟಿಗೆ ಕೋಲೂ ಇತ್ತು, ಕೋಲಿನ ತುದಿಯಲ್ಲಿ ಕ್ಯಾಮೆರಾ ಮಾತ್ರ ಇರಲಿಲ್ಲ! ತೇಲುವ ಹಿಡಿ ಹಾಕಿದರೆ ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಹೊನ್ನೆಮರಡುವಿನಲ್ಲಿ ಕಯಾಕ್ ಹತ್ತುವಾಗಲೂ ಇದೇ ಕ್ಯಾಮೆರಾ. ಎರಡು ಕಡೆಗೂ ಒಂದೇ ವ್ಯವಸ್ಥೆ ಆಗುತ್ತಾ?

ತೀರ್ಥಹಳ್ಳಿ_ಡೈವರ್:
ಒಂದೇ ವ್ಯವಸ್ಥೆ ಆಗಲ್ಲ ಮಾರಾಯ್ರೆ. ಮೊದಲು ನಿಮ್ಮ ಗೆಳೆಯರದು ಯಾಕೆ ಹೋಯಿತು ನೋಡಿ. ಅವರು ಕಟ್ಟಿದ್ದು ಕೋಲನ್ನು, ಕ್ಯಾಮೆರಾವನ್ನಲ್ಲ. ಕೋಲಿಗೂ ಕ್ಯಾಮೆರಾಗೂ ನಡುವೆ ಇರುವುದು ಒಂದು ಪ್ಲಾಸ್ಟಿಕ್ ಬಕಲ್, ಒಂದು ಕೈತಿರುಪು. ಬಕಲ್‌ನ ಎರಡು ನಾಲಿಗೆಗಳನ್ನು ಬೆರಳಲ್ಲಿ ಒತ್ತಿ ನೋಡಿ, ಎಷ್ಟು ಸುಲಭಕ್ಕೆ ಬಿಡುತ್ತೆ ಅಂತ. ಬೋಟಿನ ಅಂಚಿಗೋ ಸಿಲಿಂಡರಿಗೋ ತಾಗಿದರೂ ಅಷ್ಟೇ. ತಿರುಪೂ ಅಲುಗಾಡಿ ಅಲುಗಾಡಿ ಸಡಿಲ ಆಗುತ್ತೆ.

ಹಾಗಾಗಿ ಹುರಿ ಕೇಸಿನ ಮೈಗೇ ಬರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತೆಳ್ಳನೆಯ ನೈಲಾನ್ ಹುರಿ ಸಾಕು. ಲೆನ್ಸಿಗೆ, ಬಟನ್‌ಗಳಿಗೆ ಅಡ್ಡ ಬಾರದ ಹಾಗೆ ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಜಾರದ ಗಂಟು ಹಾಕಿ. ಕೇಸ್ ಮುಚ್ಚಿದ ಮೇಲೆಯೇ ಕಟ್ಟಿ. ರಬ್ಬರ್ ರಿಂಗ್ ಮೇಲೆ ಒಂದು ಕೂದಲು ಕೂತರೂ ನೀರು ಒಳಗೆ ಬರುತ್ತೆ, ಇನ್ನು ಹುರಿಯ ಎಳೆ ಸಿಕ್ಕಿದರೆ ಕೇಳಬೇಕಾ? ಇನ್ನೊಂದು ತುದಿಗೆ ಸುರುಳಿ ಲ್ಯಾನ್ಯಾರ್ಡ್ (ಎಳೆದರೆ ಹಿಗ್ಗುವ ಹುರಿ), ಅದಕ್ಕೆ ಸ್ಟೀಲ್ ಬೋಲ್ಟ್ ಸ್ನ್ಯಾಪ್, ಅಂದರೆ ಬೆರಳಲ್ಲಿ ಎಳೆದು ತೆರೆಯುವ ಕೊಕ್ಕೆ. ಅದನ್ನು ಡೈವಿಂಗ್ ಜಾಕೆಟ್ಟಿನ ಎದೆ ಭಾಗದ ಡಿ ರಿಂಗ್‌ಗೆ (ಡಿ ಆಕಾರದ ಲೋಹದ ಬಳೆಗೆ) ಸಿಕ್ಕಿಸಿ. ಮಣಿಕಟ್ಟನ್ನು ನಂಬಬೇಡಿ, ಒದ್ದೆ ಕೈಯಿಂದ ಪಟ್ಟಿ ಸಲೀಸಾಗಿ ಜಾರುತ್ತೆ. ಲ್ಯಾನ್ಯಾರ್ಡ್ ಗಿಡ್ಡ ಇರಲಿ. ಜೋತಾಡಿದರೆ ಹವಳಕ್ಕೆ ಬಡಿಯುತ್ತೆ.

ಹುಷಾರಾಗಿ ಇರಬೇಕಾದ್ದು ನೀರಿಗಿಳಿಯುವಾಗ ಮತ್ತು ಏಣಿ ಹತ್ತುವಾಗ. ಕ್ಯಾಮೆರಾ ಹಿಡಿದುಕೊಂಡು ಜಿಗಿಯಬೇಡಿ. ಮೊದಲು ನೀವು ಇಳಿಯಿರಿ, ಆಮೇಲೆ ಬೋಟಿನವರ ಕೈಯಿಂದ ಇಸ್ಕೊಳ್ಳಿ. ವಾಪಸ್ ಬರುವಾಗ ಫಿನ್ (ಕಾಲಿಗೆ ಹಾಕುವ ರೆಕ್ಕೆ) ಬಿಚ್ಚೋದಕ್ಕೆ ಮೊದಲೇ ಮೇಲೆ ಕೊಟ್ಟುಬಿಡಿ. ಅವರ ಕೈ ಕ್ಯಾಮೆರಾವನ್ನು ಗಟ್ಟಿಯಾಗಿ ಹಿಡಿದ ಮೇಲೆ ನೀವು ಸ್ನ್ಯಾಪ್ ಬಿಚ್ಚಬೇಕು. ಈ ಕ್ರಮ ಒಂದು ದಿನವೂ ತಪ್ಪಬಾರದು. ಮಾಸ್ಕ್ ಮೇಲೆ ಕ್ಯಾಮೆರಾ ಕೂರಿಸೋದು ನನಗೆ ಇಷ್ಟವೇ ಇಲ್ಲ. ಮೇಲೆ ಬಂದವರು ಮಾಸ್ಕನ್ನು ಹಣೆಗೆ ಏರಿಸುತ್ತಾರೆ, ಒಂದು ಅಲೆ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ.

ತೇಲುವ ಹಿಡಿ ಸ್ಕೂಬಾಗೆ ಬೇಡ. ಕೈಬಿಟ್ಟರೆ ಅದು ಸೀದಾ ಮೇಲಕ್ಕೆ ಹೋಗುತ್ತೆ, ಅದರ ಹಿಂದೆಯೇ ಹೋಗಲು ನಿಮಗೆ ಆಗಲ್ಲ. ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬಾರದು ಅಂತ ಕೋರ್ಸಲ್ಲಿ ಹೇಳಿಕೊಟ್ಟಿರುತ್ತಾರಲ್ಲ. ನೀವು ಮೇಲೆ ಬರುವಷ್ಟರಲ್ಲಿ ಅಲೆ ಅದನ್ನು ಎಲ್ಲಿಗೋ ಒಯ್ದಿರುತ್ತೆ.

ಹೊನ್ನೆಮರಡು ಬೇರೆ. ಅಲ್ಲಿ ನೀವು ನೀರಿನ ಮೇಲೇ ಇರುತ್ತೀರಿ. ಕೆಳಗೆ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು, ಜೊತೆಗೆ ಕೆಸರು. ಬಿದ್ದ ಕ್ಯಾಮೆರಾ ಸಿಕ್ಕೋದು ಕಷ್ಟ. ಅಲ್ಲಿಗೆ ತೇಲುವ ಹಿಡಿಯೇ ಸರಿ. ಆದರೆ ಮನೆಯಲ್ಲಿ ಬಕೆಟ್ ಬಾವಿ ನೀರಲ್ಲಿ ಬಿಟ್ಟು ನೋಡಿ. ಉಪ್ಪುನೀರು ಸ್ವಲ್ಪ ಜಾಸ್ತಿ ಎತ್ತುತ್ತೆ. ಸಮುದ್ರದಲ್ಲಿ ತೇಲಿದ್ದು ಶರಾವತಿಯಲ್ಲಿ ಮುಳುಗಿದರೂ ಮುಳುಗಬಹುದು.

ಭದ್ರಾವತಿ_ಫೋಟೊ:
ಅಣ್ಣ ಹೇಳಿದ್ದೆಲ್ಲ ಸರಿ. ನಂದೂ ಎರಡು ಮಾತು. ಏರ್‌ಟ್ಯಾಗ್ (ಬ್ಲೂಟೂತ್‌ನಲ್ಲಿ ವಸ್ತು ಹುಡುಕಿಕೊಡುವ ಬಿಲ್ಲೆ) ಹಾಕಿದರೆ ಹುಡುಕಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಬ್ಲೂಟೂತ್ ನೀರಲ್ಲಿ ದೂರ ಹೋಗಲ್ಲ, ಸುಮ್ನೆ ದುಡ್ಡು ದಂಡ. ಅದರ ಬದಲು ಕೇಸಿಗೆ ಹೊಳೆಯುವ ಹಳದಿ ಟೇಪ್ ಸುತ್ತಿ. ಮಾಮೂಲಿ ಕೆಂಪು ಬೇಡ, ಕೆಲವೇ ಮೀಟರ್ ಇಳಿಯುತ್ತಿದ್ದಂತೆ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತೆ. ಫೋನ್ ನಂಬರ್ ಬರೆದ ಚೀಟಿಯ ಫೋಟೊ ಕಾರ್ಡಿನಲ್ಲಿ ಮೊದಲನೆಯದಾಗಿ ಇರಲಿ. ಸಿಕ್ಕಿದವರು ಕೊಡಬೇಕು ಅಂದುಕೊಂಡರೂ ಯಾರದ್ದು ಅಂತ ಗೊತ್ತಾಗಬೇಕಲ್ವಾ?

ಸಾಗರದ_ಕಯಾಕ್:
ತುಂಬಾ ಉಪಕಾರ ಆಯ್ತು ಇಬ್ಬರಿಗೂ. ಇನ್ನೊಂದು ಅನುಮಾನ. ಎದೆಗೆ ಕಟ್ಟಿದ ಹುರಿ ಕೆಳಗೆ ಬಂಡೆಗೋ, ಬಿಟ್ಟುಹೋದ ಮೀನುಬಲೆಗೋ ಸಿಕ್ಕಿಕೊಂಡರೆ?

ತೀರ್ಥಹಳ್ಳಿ_ಡೈವರ್:
ಒಳ್ಳೆ ಪ್ರಶ್ನೆ. ಅದಕ್ಕೇ ಸ್ನ್ಯಾಪನ್ನು ಕ್ಯಾಮೆರಾ ಕಡೆಗೆ ಲೋಹದ ರಿಂಗಿನಿಂದ ಜೋಡಿಸಬೇಡಿ, ನಡುವೆ ಒಂದು ತುಂಡು ಹುರಿ ಇರಲಿ. ಸ್ನ್ಯಾಪ್ ಬಿಚ್ಚಲು ಬರದಿದ್ದರೆ ಅಲ್ಲೇ ಕತ್ತರಿಸಬಹುದು. ಸುರುಳಿ ಲ್ಯಾನ್ಯಾರ್ಡ್ ಒಳಗೆ ಸ್ಟೀಲ್ ತಂತಿ ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ಇದ್ದರೆ ಬೇರೆ ತಗೊಳ್ಳಿ, ನಿಮ್ಮ ಚಾಕುವಿಗೆ ಅದು ಬಗ್ಗಲ್ಲ. ಇಳಿಯುವ ಮೊದಲು ಕಣ್ಣುಮುಚ್ಚಿ, ಒಂದೇ ಕೈಯಲ್ಲಿ ಸ್ನ್ಯಾಪ್ ಬಿಚ್ಚಲು ಬರುತ್ತಾ ನೋಡಿಕೊಳ್ಳಿ. ಎಡಗೈಯಲ್ಲೂ ಬರಬೇಕು. ಎಲ್ಲಿ ಕಟ್ಟಿದ್ದೀರಿ ಅಂತ ಜೊತೆಗಾರರಿಗೆ ತೋರಿಸಿರಿ. ಸಿಕ್ಕಿಕೊಂಡರೆ ಕ್ಯಾಮೆರಾ ಬಿಟ್ಟುಬಿಡಿ. ಆಳ ಎಷ್ಟು, ಟೈಮ್ ಎಷ್ಟು ಅಂತ ನಿಮ್ಮ ಡೈವ್ ಕಂಪ್ಯೂಟರಲ್ಲಿ ನೋಡಿಕೊಂಡು ಮೇಲೆ ಬಂದು ಇನ್‌ಸ್ಟ್ರಕ್ಟರ್‌ಗೆ ಹೇಳಿ. ಮುಂದಿನ ಡೈವ್‌ನಲ್ಲಿ ಹುಡುಕಬೇಕಾ ಬೇಡವಾ ಅಂತ ಅವರೇ ತೀರ್ಮಾನ ಮಾಡಲಿ.