ಗೊತ್ತಿಲ್ಲದ ನಂಬರಿಂದ ಕಾಲ್: ಯಾರದ್ದು ಅಂತ ತಿಳಿಯೋದು ಹೇಗೆ, ನಮ್ಮ ನಂಬರ್ ಕಾಪಾಡಿಕೊಳ್ಳೋದು ಹೇಗೆ?

ಹಂಚಿನಮನೆ:
ಅಮ್ಮನ ಆಂಡ್ರಾಯ್ಡ್ ಫೋನಿಗೆ ದಿನಕ್ಕೆ ಆರೇಳು ಅಪರಿಚಿತ ಕಾಲ್. ಕೆಲವು 140ರಿಂದ ಶುರುವಾಗುತ್ತವೆ, ಉಳಿದವು ಮಾಮೂಲಿ ಹತ್ತಂಕಿ ನಂಬರು. ಡಯಲರ್‌ನಲ್ಲಿ ‘ಅನ್‌ನೋನ್’ ಬ್ಲಾಕ್ ಆನ್ ಮಾಡಿದೆ, ಏನೂ ವ್ಯತ್ಯಾಸವಿಲ್ಲ. ಟ್ರೂಕಾಲರ್ ಹಾಕಿದರೆ ಸಾಕಾ? ಅದರಲ್ಲಿ ಅಮ್ಮನ ನಂಬರಿಗೇ ‘ಹಪ್ಪಳ ಆಂಟಿ’ ಅಂತ ಬರುತ್ತೆ, ಅಮ್ಮ ಆ ಆ್ಯಪ್ ಹಾಕಿಕೊಂಡೇ ಇಲ್ಲ!

ತಂತಿಕಂಬ:
ಗೂಗಲ್ ಡಯಲರ್‌ನ ‘ಅನ್‌ನೋನ್’ ಸ್ವಿಚ್ ತಡೆಯೋದು ನಂಬರೇ ತೋರಿಸದೆ ಬರುವ ಕಾಲ್‌ಗಳನ್ನು ಮಾತ್ರ. ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರನ್ನು ಅದು ಮುಟ್ಟೋದಿಲ್ಲ. ಡಯಲರ್ ಸೆಟ್ಟಿಂಗ್ಸ್‌ನ ‘ಕಾಲರ್ ಐಡಿ ಮತ್ತು ಸ್ಪ್ಯಾಮ್’ಗೆ ಹೋಗಿ ‘ಫಿಲ್ಟರ್ ಸ್ಪ್ಯಾಮ್ ಕಾಲ್ಸ್’ ಆನ್ ಮಾಡಿ.

140 ಅಂದರೆ ನೋಂದಾಯಿತ ಟೆಲಿಮಾರ್ಕೆಟಿಂಗ್. ಅದಕ್ಕೆ ಡಿಎನ್‌ಡಿ (ಮಾರಾಟದ ಕಾಲ್ ಬೇಡ ಅಂತ ನಂಬರ್ ನೋಂದಾಯಿಸೋದು) ಮದ್ದು: ಅಮ್ಮನ ಸಿಮ್‌ನಿಂದಲೇ 1909ಕ್ಕೆ ಕಾಲ್ ಮಾಡಿ, ಇಲ್ಲವೇ ಅದೇ ನಂಬರಿಗೆ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್ 0’ ಅಂತ ಮೆಸೇಜ್ ಕಳಿಸಿ. ಹತ್ತಂಕಿ ನಂಬರಿಂದ ಮಾರಾಟಕ್ಕೆ ಕಾಲ್ ಮಾಡೋದೇ ನಿಯಮಬಾಹಿರ, ಅಂಥವರು ಡಿಎನ್‌ಡಿಗೆ ಬಗ್ಗಲ್ಲ, ದೂರು ಕೊಡಬೇಕು. 2025ರ ಫೆಬ್ರವರಿಯ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ತಿದ್ದುಪಡಿಯಲ್ಲಿ, ಕಾಲ್ ಬಂದ ಮೇಲೆ ದೂರು ಕೊಡೋಕೆ ಇರುವ ಗಡುವು 3 ದಿನದಿಂದ 7 ದಿನಕ್ಕೆ ಏರಿತು. ಒಬ್ಬನ ಮೇಲೆ 10 ದಿನದಲ್ಲಿ 5 ದೂರು ಬಿದ್ದರೆ ಕ್ರಮ ಶುರು. ಬ್ಲಾಕ್ ಮಾಡಿ ಸುಮ್ಮನಾದರೆ ಅವನು ಪಕ್ಕದ ಮನೆಗೆ ಮಾಡ್ತಾನೆ ಅಷ್ಟೆ. ಬ್ಯಾಂಕುಗಳ ಸೇವಾ ಕಾಲ್‌ಗೆ 1600 ಸರಣಿ ಇದೆ. ಹತ್ತಂಕಿ ನಂಬರಿಂದ ‘ಕೆವೈಸಿ ಮುಗಿದಿದೆ’ ಅಂದರೆ ಇಟ್ಟುಬಿಟ್ಟು, ಕಾರ್ಡಿನ ಹಿಂಬದಿಯ ನಂಬರಿಗೆ ನೀವೇ ಮಾಡಿ.

ಮೂಲೆಅಂಗಡಿ:
‘ಹಪ್ಪಳ ಆಂಟಿ’ ಅಂತ ಹೆಸರಿಟ್ಟಿದ್ದು ಆ್ಯಪ್ ಬಳಸುವ ಇನ್ಯಾರೋ. ಟ್ರೂಕಾಲರ್ ಹೆಸರು ಜನರಿಂದ ಬಂದದ್ದು, ಗುರುತಿನ ದಾಖಲೆಯಲ್ಲ. ‘ಸೈಬರ್ ಪೊಲೀಸ್’ ಅಂತ ಬಂದರೂ ನಂಬಬೇಡಿ, ಆ ಹೆಸರನ್ನು ಕಳ್ಳನೇ ಹಾಕಿಕೊಳ್ಳಬಹುದು. ಆ ಹಪ್ಪಳದ ಹೆಸರು ತೆಗೆಸೋಕೆ ಟ್ರೂಕಾಲರ್ ವೆಬ್‌ಸೈಟಿನ ‘ಅನ್‌ಲಿಸ್ಟ್’ ಪುಟದಲ್ಲಿ +91 ಸಮೇತ ನಂಬರ್ ಕೊಡಿ. ಆ ನಂಬರಿನಲ್ಲಿ ಖಾತೆ ಇದ್ದರೆ ಮೊದಲು ಡಿಆ್ಯಕ್ಟಿವೇಟ್ ಮಾಡಬೇಕು. ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ಹೆಸರು ಅಲ್ಲೇ ಉಳಿಯುತ್ತೆ. ಮುಂದೆ ಯಾವಾಗಲಾದರೂ ಆ್ಯಪ್‌ಗೆ ಸೇರಿದರೆ ಮತ್ತೆ ಮೊದಲಿನಂತೆ.

ಆಪರೇಟರ್‌ಗಳೇ ಹೆಸರು ತೋರಿಸುವ ‘ಸಿಎನ್‌ಎಪಿ’ ಹಂತ ಹಂತವಾಗಿ ಬರ್ತಿದೆ. ಅದು ಸಿಮ್ ಅರ್ಜಿಯಲ್ಲಿರೋ ಹೆಸರು, ಹಾಗಾಗಿ ಅಪ್ಪನ ಹೆಸರಲ್ಲಿ ಸಿಮ್ ಇದ್ದರೆ ಮಗಳ ಕಾಲ್‌ಗೂ ಅಪ್ಪನ ಹೆಸರೇ.

ವಾಟ್ಸಾಪ್‌ನಲ್ಲಿ ಪ್ರೈವಸಿ, ಕಾಲ್ಸ್, ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ. ಪ್ರೊಫೈಲ್ ಫೋಟೋ ‘ಮೈ ಕಾಂಟ್ಯಾಕ್ಟ್ಸ್’ಗಷ್ಟೇ ಇರಲಿ.

ಹಂಚಿನಮನೆ:
ಇನ್ನೊಂದು. ಮೊನ್ನೆ ಒಬ್ಬ ‘ಪಾರ್ಸೆಲ್ ಬಂದಿದೆ, ಸ್ಟಾರ್ 401 ಒತ್ತಿ ಈ ನಂಬರ್ ಹಾಕಿ’ ಅಂದನಂತೆ. ಅಮ್ಮ ಒತ್ತಿದ್ರೋ ಇಲ್ವೋ ನೆನಪಿಲ್ಲ ಅಂತಾರೆ.

ತಂತಿಕಂಬ:
ಇದನ್ನು ಈಗಲೇ ನೋಡಿ. ಅದು ಕಾಲ್ ಫಾರ್ವರ್ಡಿಂಗ್ ಕೋಡ್. ಒತ್ತಿದ್ದರೆ ಅಮ್ಮನಿಗೆ ಬರೋ ಕಾಲ್ ಅವನಿಗೆ ಹೋಗುತ್ತೆ, ವಾಟ್ಸಾಪ್‌ನ ಓಟಿಪಿಯನ್ನು ‘ಕಾಲ್ ಮೂಲಕ’ ಕೇಳಿ ಖಾತೆಯನ್ನೇ ಎತ್ತಿಕೊಳ್ತಾನೆ. *#21# ಡಯಲ್ ಮಾಡಿ, ‘ನಾಟ್ ಫಾರ್ವರ್ಡೆಡ್’ ಅಂತ ಬರಬೇಕು. ಎರಡು ಸಿಮ್ ಇದ್ದರೆ ಎರಡರಿಂದಲೂ ನೋಡಿ. ಕೋಡ್ ಓಡದಿದ್ದರೆ ಡಯಲರ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆಗೆದು ನೋಡಿ. ಅನುಮಾನವಿದ್ದರೆ ##002# ಒತ್ತಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತೆ. ಆಮೇಲೆ ವಾಟ್ಸಾಪ್‌ಗೆ ಆರಂಕಿಯ ‘ಟೂ ಸ್ಟೆಪ್’ ಪಿನ್ ಹಾಕಿ, ಆಗ ಓಟಿಪಿ ಸಿಕ್ಕರೂ ಅವನಿಗೆ ಬಾಗಿಲು ತೆರೆಯಲ್ಲ.

ಹಣ ಹೋಗಿಲ್ಲದಿದ್ದರೆ ಸರ್ಕಾರದ ಸಂಚಾರ್ ಸಾಥಿ ತಾಣದ ‘ಚಕ್ಷು’ನಲ್ಲಿ ಆ ನಂಬರ್ ದಾಖಲಿಸಿ, ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಹಂಚಿನಮನೆ:
*#21#ಗೆ ‘ನಾಟ್ ಫಾರ್ವರ್ಡೆಡ್’ ಬಂತು. ಕುತೂಹಲಕ್ಕೆ *#62# ಒತ್ತಿದರೆ ಯಾವುದೋ ನಂಬರ್ ತೋರಿಸ್ತಿದೆ!

ಮೂಲೆಅಂಗಡಿ:
ಗಾಬರಿ ಬೇಡ. 62 ಅಂದರೆ ಫೋನ್ ಆಫ್ ಇದ್ದಾಗ ಅಥವಾ ನೆಟ್‌ವರ್ಕ್ ಇಲ್ಲದಾಗ ಕಾಲ್ ಎಲ್ಲಿಗೆ ಹೋಗಬೇಕು ಅನ್ನೋದು. ಸಾಮಾನ್ಯವಾಗಿ ಅಲ್ಲಿ ಆಪರೇಟರ್‌ನದ್ದೇ ಮಿಸ್ಡ್ ಕಾಲ್ ಸೇವೆಯ ನಂಬರ್ ಇರುತ್ತೆ. ಆಪರೇಟರ್‌ನ ದೂರು ನಂಬರ್ 198ಕ್ಕೆ ಮಾಡಿ ಆ ನಂಬರ್ ಓದಿ ಹೇಳಿ. ತಮ್ಮದಲ್ಲ ಅಂದರೆ ಮಾತ್ರ ##62# ಒತ್ತಿ ರದ್ದು ಮಾಡಿ.