ಅಪ್‌ಡೇಟ್: ಎಕ್ಸ್‌ಆರ್ಗ್ ಮೆಮೊರಿ ತಿನ್ನುತ್ತಿತ್ತು ಎಂದಿದ್ದೆನಲ್ಲ, ಕಾರಣ ಸಿಕ್ಕಿತು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಡಿಟಿಪಿ ಅಂಗಡಿಯ 4 ಜಿಬಿ ಯಂತ್ರದಲ್ಲಿ ಸಂಜೆಯ ಹೊತ್ತಿಗೆ ಎಕ್ಸ್‌ಆರ್ಗ್ (ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ, ವಿಂಡೋಗಳನ್ನು ಮೂಡಿಸುವ ಸರ್ವರ್ ಪ್ರೋಗ್ರಾಂ) ಮೆಮೊರಿಯಲ್ಲಿ ಉಬ್ಬಿ, ಲಗ್ನಪತ್ರಿಕೆಯ ಫೈಲ್ ಕೂಡ ತೆರೆಯುತ್ತಿಲ್ಲ ಎಂದು ಕೇಳಿದ್ದೆ. ಯಾವ ಪ್ರೋಗ್ರಾಂ ಎಕ್ಸ್‌ಆರ್ಗ್‌ನಲ್ಲಿ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಎಕ್ಸ್‌ರೆಸ್‌ಟಾಪ್ ನೋಡಲು ಹೇಳಿದವರಿಗೆ ಶರಣು.

ತಪ್ಪು ಎಕ್ಸ್‌ಆರ್ಗ್‌ನದಲ್ಲ, ನನ್ನದೇ. ಎರಡು ನಿಮಿಷಕ್ಕೊಮ್ಮೆ ಪರದೆಯ ಹಿನ್ನೆಲೆಚಿತ್ರ ಬದಲಿಸಲು ನಾನೇ ಬರೆದಿದ್ದ ಪುಟ್ಟ ಪ್ರೋಗ್ರಾಂ ಹಳೆಯ ಚಿತ್ರವನ್ನು ಬಿಟ್ಟುಕೊಡುತ್ತಲೇ ಇರಲಿಲ್ಲ. ಪ್ರೋಗ್ರಾಂ ಕೇಳಿದ ಪಿಕ್ಸ್‌ಮ್ಯಾಪ್ (ಮೆಮೊರಿಯಲ್ಲಿಟ್ಟ ಚಿತ್ರ) ಇರುವುದು ಸರ್ವರ್‌ನ, ಅಂದರೆ ಎಕ್ಸ್‌ಆರ್ಗ್‌ನ ಬಳಿ. ಹಾಗಾಗಿ ಸಾಲ ಮಾಡಿದವನು ಒಬ್ಬ, ಲೆಕ್ಕ ಬಿದ್ದದ್ದು ಇನ್ನೊಬ್ಬನ ಹೆಸರಿಗೆ. 1920×1080 ಅಳತೆಯ ಒಂದು ಚಿತ್ರಕ್ಕೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ, ಸುಮಾರು 8 ಎಂಬಿ. ಹತ್ತು ಗಂಟೆಯಲ್ಲಿ 300 ಚಿತ್ರ, ಅಂದರೆ ಎರಡೂವರೆ ಜಿಬಿಯ ಆಸುಪಾಸು! ಈ ಗುಣಾಕಾರವನ್ನು ಮೊದಲೇ ಮಾಡಬೇಕಿತ್ತು.

ಆ ಪ್ರೋಗ್ರಾಂ ನಿಲ್ಲಿಸಿದ ಕೂಡಲೇ ಸರ್ವರ್ ಅದರ ಪಿಕ್ಸ್‌ಮ್ಯಾಪ್‌ಗಳನ್ನೆಲ್ಲ ತಾನೇ ಅಳಿಸಿತು. ಸಂಪರ್ಕ ಕಡಿದ ಕ್ಲೈಂಟ್‌ನ (ಸರ್ವರ್‌ನಿಂದ ಕೆಲಸ ಮಾಡಿಸಿಕೊಳ್ಳುವ ಪ್ರೋಗ್ರಾಂನ) ಸಂಪನ್ಮೂಲಗಳನ್ನು ತೆರವುಗೊಳಿಸುವುದು ಅದರ ಸಾಮಾನ್ಯ ಕ್ರಮ. ಈಗ ಚಿತ್ರ ಬದಲಾದೊಡನೆ, ಹಳೆಯ ಪಿಕ್ಸ್‌ಮ್ಯಾಪ್ ಬಿಟ್ಟುಕೊಡುವ ಎಕ್ಸ್‌ಫ್ರೀಪಿಕ್ಸ್‌ಮ್ಯಾಪ್ ಎಂಬ ಫಂಕ್ಷನ್ ಕರೆಯುತ್ತಿದ್ದೇನೆ.

ಮೆಮೊರಿ ಬಳಕೆ ತೋರಿಸುವ ಟಾಪ್ ಎಂಬ ಪ್ರೋಗ್ರಾಂನಲ್ಲಿ ಎಕ್ಸ್‌ಆರ್ಗ್‌ನ ಅಂಕಿ ಮಾತ್ರ ಬೆಳಗಿನ ಮಟ್ಟಕ್ಕೆ ಇಳಿಯಲಿಲ್ಲ. ಬಿಡುಗಡೆಯಾದ ಸಣ್ಣ ತುಣುಕುಗಳನ್ನು ಸಿ ಲೈಬ್ರರಿ (ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡುವ ಭಾಗ) ಮರುಬಳಕೆಗೆಂದು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಕೂಡಲೇ ಮರಳಿಸುವುದಿಲ್ಲ. ಅದು ಸೋರಿಕೆಯಲ್ಲ. ಟಾಪ್‌ನ ವರ್ಟ್ (ಪ್ರೋಗ್ರಾಂ ಕಾಯ್ದಿಟ್ಟ ಒಟ್ಟು ವಿಳಾಸಗಳ ಅಳತೆ) ಕಾಲಂ ನೋಡಿ ಗಾಬರಿಯಾಗಿದ್ದೂ ಅನಗತ್ಯ. ವಿಡಿಯೊ ಕಾರ್ಡ್‌ನ ಮ್ಯಾಪಿಂಗ್ (ಆ ಕಾರ್ಡ್‌ನ ಮೆಮೊರಿಗೆ ಕೊಟ್ಟ ವಿಳಾಸಗಳು) ಕೂಡ ಅದರಲ್ಲಿ ಸೇರಿರುತ್ತದೆ.

ನಾಲ್ಕು ದಿನದಿಂದ ಯಂತ್ರ ಮರುಪ್ರಾರಂಭಿಸಿಲ್ಲ. ನಿನ್ನೆ ರಾತ್ರಿ ಒಂಬತ್ತಕ್ಕೂ ಲಗ್ನಪತ್ರಿಕೆ ಸಲೀಸಾಗಿ ತೆರೆಯಿತು.